ಅರ್ಥ ಕೇಳುವ ಬಾಗಿಲು

ನಮ್ಮ ಊರಿನ ಪ್ರಾರ್ಥನಾ ಮನೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕವಿಲ್ಲ, ಬೀಗವಿಲ್ಲ, ಹಿಡಿದೆಳೆಯಲು ಬಳೆಯೂ ಇಲ್ಲ. ಅದು ತೆರೆಯುವುದು ಅರ್ಥಕ್ಕೆ. ಪ್ರತಿ ಸಬ್ಬತ್ತಿನ, ಅಂದರೆ ನಮ್ಮ ವಾರದ ಬಿಡುವಿನ ದಿನದ, ಬೆಳಿಗ್ಗೆ ಊರಿನವರೆಲ್ಲ ಅಂಗಳದಲ್ಲಿ ನಿಲ್ಲುತ್ತೇವೆ. ಅರ್ಥದಯ್ಯನವರು ಮೆಟ್ಟಿಲು ಹತ್ತಿ, ನಮ್ಮ ಹೀಬ್ರೂ ಗ್ರಂಥದ ನಡುವೆ ಇರುವ ಆ ಪ್ರೇಮಪದ್ಯದಿಂದ ಒಂದು ಸಾಲು ಓದಿ, ನಮ್ಮ ಮಾತಿನಲ್ಲಿ ಅದರ ಅರ್ಥ ಹೇಳುತ್ತಾರೆ. ಆ ಅರ್ಥವನ್ನು ಬಾಗಿಲು ಹಿಂದೆ ಕೇಳಿರದಿದ್ದರೆ ತೆರೆದುಕೊಳ್ಳುತ್ತದೆ. ಕೇಳಿದ್ದರೆ ಇಲ್ಲ. ಒಳಗೆ ಹೋದವರೆಲ್ಲ ಹೊರಗೆ ಬಂದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪರಊರಿನವರು ಇದನ್ನು ನೋಡಿ ಬಾಯಿ ಬಿಡುತ್ತಾರೆ. ನಮಗೆ ಅದರಲ್ಲಿ ಬಾಯಿ ಬಿಡುವಂಥದ್ದೇನೂ ಕಾಣುವುದಿಲ್ಲ. ಅರ್ಥದಯ್ಯನವರು ಬೇಗ ಮುಗಿಸದಿದ್ದರೆ ಅಂಗಳದ ಕಲ್ಲು ಕಾದು ಅಂಗಾಲು ಸುಡುತ್ತದಲ್ಲ ಎಂಬುದಷ್ಟೇ ನಮ್ಮ ಚಿಂತೆ.

ಈ ಬಾಗಿಲಿನ ಎದುರಿಗೇ ನನ್ನ ಅಂಗಡಿ. ದೀಪದ ಎಣ್ಣೆ, ಬತ್ತಿ, ಚಕ್ಕುಲಿ, ಬೆಲ್ಲದ ಕಾಫಿ. ಅಮ್ಮನ ಕಾಲದಿಂದ ಇರುವ ಅಂಗಡಿ. ಸಬ್ಬತ್ತಿನಂದು ಅಂಗಡಿ ಮುಚ್ಚಿರುತ್ತದೆ, ಜಗಲಿಯನ್ನು ಮುಚ್ಚಲಾಗುವುದಿಲ್ಲವಲ್ಲ, ಸಭೆಯ ಹಿರಿಯರೆಲ್ಲ ಅಲ್ಲೇ ಕೂತು ಹರಟುತ್ತಾರೆ. ಹಾಗಾಗಿ ಬಾಗಿಲಿನ ಸ್ವಭಾವ ನನಗೆ ಗೊತ್ತಿರುವಷ್ಟು ಸಭೆಯ ಯಜಮಾನರಿಗೂ ಗೊತ್ತಿಲ್ಲ ಎಂದು ನಾನು ಹೇಳಿದರೆ ಅದು ಜಂಬವಲ್ಲ.

ಬಾಗಿಲಿಗೆ ಮಡಿಮೈಲಿಗೆ ಇಲ್ಲ. ಹಿಂದೊಮ್ಮೆ ಒಬ್ಬ ಪೋಲಿ, ಪದ್ಯದಲ್ಲಿ ಬರುವ ಸೈನ್ಯದ ಹಾಗೆ ಭಯಂಕರಳಾದ ಹೆಣ್ಣೆಂದರೆ ತನ್ನ ಅತ್ತೆ ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದನಂತೆ. ಹೇಳುವಾಗ ಅವನ ಕಣ್ಣಲ್ಲಿ ನಿಜವಾದ ಭಯವಿತ್ತಂತೆ. ಬಾಗಿಲು ದೊಡ್ಡದಾಗಿ ತೆರೆಯಿತು. ಮರುವಾರ ಅವನ ಷಡ್ಡಕ ಅದನ್ನೇ ಬೇರೆ ಮಾತಿನಲ್ಲಿ ಸುತ್ತಿ ಬಳಸಿ ಹೇಳಿದ. ಅಲ್ಲಾಡಲಿಲ್ಲ. ಮನಸ್ಸಿನಿಂದ ಬಂದ ಯಾವ ಅರ್ಥವಾದರೂ ಅದಕ್ಕೆ ಆಗುತ್ತದೆ, ಒಂದು ಸಲ ಮಾತ್ರ. ಆ ಅತ್ತೆಯ ಪ್ರಸಂಗವಾದ ಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರು: ಮೆಟ್ಟಿಲ ಮೇಲೆ ಹೇಳುವ ಅರ್ಥ ದೇವರ ವಿಷಯವಾಗಿಯೇ ಇರಬೇಕು. ನಲ್ಲನೆಂದರೆ ದೇವರು, ನಲ್ಲೆಯೆಂದರೆ ನಾವು, ಆತನ ಜನ. ದ್ರಾಕ್ಷಿತೋಟವೆಂದರೆ ಧರ್ಮಶಾಸ್ತ್ರ. ಆ ಪದ್ಯದಲ್ಲಿ ಹುಡುಕಿದರೂ ದೇವರ ಹೆಸರು ಸಿಗುವುದು ಕಷ್ಟ. ಗಂಡು ಹೆಣ್ಣು ಒಬ್ಬರನ್ನೊಬ್ಬರು ಹೊಗಳುವುದು, ಹುಡುಕುವುದು, ಸಿಗದೆ ಕಂಗೆಡುವುದು, ಇಷ್ಟೇ. ಇದನ್ನು ಗ್ರಂಥದಲ್ಲಿ ಇಡಬೇಕೋ ತೆಗೆಯಬೇಕೋ ಎಂದು ಹಿಂದಿನವರು ಗಡ್ಡ ಹಿಡಿದು ಜಗಳವಾಡಿದ್ದರಂತೆ. ದೇವರ ಪ್ರೀತಿ ಎಂದು ಓದುವುದಾದರೆ ಇರಲಿ ಎಂದು ಕೊನೆಗೆ ಉಳಿಸಿಕೊಂಡರು. ಹಾಗೆ ಉಳಿಸಿಕೊಂಡದ್ದನ್ನು ಗಂಡ ಹೆಂಡಿರ ಮಾತು ಎಂದು ಹೇಳಲು ಆಮೇಲೆ ಯಾರೂ ಬಾಯಿ ತೆರೆದಿರಲಿಲ್ಲ.

ನಾನು ಕಂಡ ಅರ್ಥದಯ್ಯನವರು ಒಬ್ಬರೇ, ಬಾರೂಕಯ್ಯನವರು. ಹುಡುಗರಾಗಿದ್ದಾಗಲೇ ಮೆಟ್ಟಿಲು ಹತ್ತಿದವರು, ಮುದುಕರಾಗುವವರೆಗೆ ಇಳಿಯಲಿಲ್ಲ. ಸಣ್ಣ ದನಿ, ಬಾಗಿದ ಬೆನ್ನು, ಯಾರ ಮುಖವನ್ನೂ ನೇರವಾಗಿ ನೋಡದ ಕಣ್ಣು. ಬೀದಿಯಲ್ಲಿ ಎದುರಾದರೆ ಎರಡು ಮಾತು ಆಡಲು ತಡವರಿಸುವವರು ಮೆಟ್ಟಿಲ ಮೇಲೆ ನಿಂತರೆಂದರೆ ಕೇಳಬೇಕಿತ್ತು. ತೋಟ ಹಾಳುಮಾಡುವ ನರಿಮರಿಗಳೆಂದರೆ ಪ್ರಾರ್ಥನೆಗೆ ಬರದಿರಲು ನಾವು ಹುಡುಕುವ ನೆವಗಳು ಎಂದು ಅವರು ಹೇಳಿದ ದಿನ ಅರ್ಧ ಊರು ತಲೆ ತಗ್ಗಿಸಿತ್ತು. ವಾರಕ್ಕೊಂದು ಹೊಸ ಅರ್ಥ, ಒಂದೂ ತಪ್ಪಿದ್ದಿಲ್ಲ. ಒಂದು ಸಾಲನ್ನು ಮಾತ್ರ ಅವರು ಯಾವತ್ತೂ ಮುಟ್ಟುತ್ತಿರಲಿಲ್ಲ. ನಲ್ಲ ಬಂದು ಬಾಗಿಲು ತಟ್ಟುತ್ತಾನೆ, ನಲ್ಲೆ ಏಳಲು ತಡಮಾಡುತ್ತಾಳೆ, ಪರಿಮಳದ ಅಂಟು ಮೆತ್ತಿದ ಕೈಯಲ್ಲಿ ಅವಳು ಚಿಲಕ ತೆಗೆಯುವಷ್ಟರಲ್ಲಿ ಅವನು ಹೋಗಿಬಿಟ್ಟಿರುತ್ತಾನೆ ಎಂದು ಬರುತ್ತದಲ್ಲ, ಅದು. ಕೇಳಿದವರಿಗೆ, ಆ ಸಾಲು ನನ್ನದಲ್ಲ, ಬೇರೆ ಯಾರಾದರೂ ಹೇಳಲಿ ಎನ್ನುತ್ತಿದ್ದರು.

ಅವರ ಹೆಂಡತಿ ಚಿಪ್ಪೋರಕ್ಕ. ನನಗಿಂತ ಬಹಳ ದೊಡ್ಡವರು, ಆದರೂ ಊರಿಗೆಲ್ಲ ಅಕ್ಕ. ಮಕ್ಕಳಾಗಲಿಲ್ಲ. ಇಬ್ಬರೇ ಇದ್ದ ಆ ಮನೆಯಲ್ಲಿ ಮಾತು ಎಷ್ಟು ಕಡಿಮೆ ಎಂದರೆ ಸಾರಿಗೆ ಉಪ್ಪು ಜಾಸ್ತಿಯಾದರೂ ಗಂಡ ಸುಮ್ಮನೆ ನೀರು ಕುಡಿಯುತ್ತಿದ್ದರಂತೆ. ಒಂದು ವಿಚಿತ್ರ ಅಭ್ಯಾಸವಿತ್ತು ಬಾರೂಕಯ್ಯನವರಿಗೆ. ತಮ್ಮ ಮನೆಯ ಬಾಗಿಲು ಹಾರುಹೊಡೆದಿದ್ದರೂ ಅವರು ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು ಬಾಗಿಲ ಪಟ್ಟಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಹೆಂಡತಿ ಬಂದು ಎದುರಿಗೆ ನಿಲ್ಲುವವರೆಗೆ ಕಾಯುತ್ತಿದ್ದರು. ಬಿಸಿಲಾಗಲಿ ಮಳೆಯಾಗಲಿ, ದಿನಾ ಇದೇ. ಒಳಗಿನಿಂದ ಚಿಪ್ಪೋರಕ್ಕ ಸಿಡುಕಿನಿಂದ "ಬಂದೆ, ಇರಿ" ಎಂದು ಕೂಗುತ್ತಿದ್ದರು. ನಮ್ಮ ಬೀದಿಯ ಮಕ್ಕಳು ಗಂಡ ಹೆಂಡಿರ ಆಟ ಆಡುವಾಗಲೂ ಒಂದು ಮಗು ತಟ್ಟುವುದು, ಇನ್ನೊಂದು "ಬಂದೆ, ಇರಿ" ಎನ್ನುವುದು. ತೆರೆದ ಬಾಗಿಲನ್ನು ಯಾಕೆ ತಟ್ಟುತ್ತಾರಕ್ಕ ಎಂದು ನಾನೊಮ್ಮೆ ಕೇಳಿದ್ದೆ. ಚಿಪ್ಪೋರಕ್ಕನ ಮುಖ ಗಂಟಾಯಿತು. ನನ್ನ ಮೇಲಿನ ಕೊಂಕು ಅದು, ಹಳೇದೊಂದು ನೆನಪು ಮಾಡ್ತಾರೆ ದಿನಾ, ಎಂದರು. ಹಳೆಯದು ಏನೆಂದು ಹೇಳಲಿಲ್ಲ.

ಇಲ್ಲಿ ಆಡಿನ ವಿಷಯವನ್ನೂ ಹೇಳಿಬಿಡಬೇಕು. ಆ ಬಾಗಿಲು ಯಾರೂ ಇಲ್ಲದೆ ತೆರೆದಿದ್ದದ್ದು ನನ್ನ ನೆನಪಿನಲ್ಲಿ ಒಂದೇ ಸಲ. ನಾನಿನ್ನೂ ಲಂಗ ಹಾಕುತ್ತಿದ್ದ ಕಾಲ, ಚಿಪ್ಪೋರಕ್ಕ ನಮ್ಮ ಬೀದಿಗೆ ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಹಲಸಿನ ಕಾಲ. ಆ ಸಂಜೆ ಹೊಸ ಮದುಮಗಳು ತಮ್ಮ ಮನೆಯ ಹಣ್ಣು ಬಿಡಿಸಿದ್ದೆಂದು ಒಂದು ತಟ್ಟೆ ತೊಳೆ ತಂದುಕೊಟ್ಟು ಹೋಗಿದ್ದರು. ನಾವು ಮಕ್ಕಳು ತಟ್ಟೆಗೆ ಮುತ್ತಿಕೊಂಡಿದ್ದಾಗಲೇ ಎದುರುಗಡೆ ಗಲಾಟೆ ಎದ್ದಿತು. ವಾರದ ನಡುವಿನ ದಿನ, ಪ್ರಾರ್ಥನಾ ಮನೆಯ ಬಾಗಿಲು ಪೂರ್ತಿ ತೆರೆದಿದೆ, ಒಳಗೆ ಯಾರದೋ ಆಡು ನುಗ್ಗಿ ಪರದೆಯ ಜಾಲರಿಯನ್ನು ಮೇಯುತ್ತಿದೆ. ಆಡನ್ನು ಓಡಿಸಿದ ಕೂಡಲೇ ಬಾಗಿಲು ಮುಚ್ಚಿಕೊಂಡಿತು. ಗಾಳಿಗೆ ತೆರೆದಿರಬೇಕು ಎಂದರು ಕೆಲವರು. ಆಡೇ ಏನೋ ಅರ್ಥ ಹೇಳಿರಬೇಕು ಎಂದರು ನನ್ನಮ್ಮ. ಊರಿಗೆ ಆ ತಮಾಷೆ ಹಿಡಿಸಿತು, ಆಮೇಲೆ ವಿಷಯ ಮರೆತೇಹೋಯಿತು.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಬಾರೂಕಯ್ಯನವರು ತೀರಿಕೊಂಡರು. ಮಲಗಿದ್ದವರು ಏಳಲಿಲ್ಲ, ಅಷ್ಟೇ. ಮಣ್ಣು ಮಾಡಿ ಬಂದ ಮೇಲೆ ಊರಿಗೆ ಅರಿವಾಯಿತು, ಅರ್ಥ ಹೇಳುವವರು ಯಾರೂ ಇಲ್ಲ. ಅವರಿದ್ದಾಗ ಇನ್ನೊಬ್ಬರನ್ನು ತಯಾರು ಮಾಡುವ ಯೋಚನೆ ಯಾರಿಗೂ ಬಂದಿರಲಿಲ್ಲ. ಮೊದಲ ಸಬ್ಬತ್ತಿಗೆ ಸಭೆಯ ಯಜಮಾನರಾದ ಎಲ್ಕಾನಯ್ಯನವರೇ ಮೆಟ್ಟಿಲು ಹತ್ತಿದರು. ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಮನಸ್ಸು ಮಾತ್ರ ಕೆಟ್ಟದ್ದಲ್ಲ. ಬಾರೂಕಯ್ಯನವರು ಬಿಟ್ಟ ಆ ಬಾಗಿಲು ತಟ್ಟುವ ಸಾಲನ್ನೇ ಎತ್ತಿಕೊಂಡರು. ದೇವರು ಬಂದು ಕರೆದಾಗ ನಮ್ಮ ಜನ ನಿದ್ದೆಮಾಡಿದರು, ಎದ್ದಾಗ ಆತ ಹೋಗಿಬಿಟ್ಟಿದ್ದ, ಅದಕ್ಕೇ ನಾವು ನಾಡು ಬಿಟ್ಟು ಅಲೆಯಬೇಕಾಯಿತು ಎಂದರು. ಚೆನ್ನಾಗಿಯೇ ಹೇಳಿದರು. ಆದರೆ ಅದು ಅವರ ಮುತ್ತಜ್ಜನ ಕಾಲದಲ್ಲೇ ಖರ್ಚಾಗಿದ್ದ ಅರ್ಥ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಆಮೇಲಿನ ವಾರಗಳಲ್ಲಿ ಹೀಬ್ರೂ ಬಲ್ಲವರು, ಬಲ್ಲೆನೆಂದುಕೊಂಡವರು, ಒಬ್ಬರಾದ ಮೇಲೆ ಒಬ್ಬರು ಹತ್ತಿ ಇಳಿದರು. ಎಲ್ಲರೂ ಕಲಿತದ್ದನ್ನೇ ಹೇಳಿದರು, ಕಲಿತದ್ದೆಲ್ಲ ಬಾಗಿಲಿಗೆ ಗೊತ್ತಿತ್ತು. ನಾವು ಅಂಗಳದಲ್ಲೇ ಪ್ರಾರ್ಥನೆ ಮುಗಿಸಿ, ಅಂಗಾಲು ಸುಟ್ಟುಕೊಂಡು ಮನೆಗೆ ಹೋಗುತ್ತಿದ್ದೆವು.

ನಮ್ಮಲ್ಲಿ ಸತ್ತವರ ಹೆಸರನ್ನು, ಅವರು ಹೋಗಿ ಒಂದು ತಿಂಗಳಿಗೆ ಮಾಡುವ ತಿಂಗಳ ಪ್ರಾರ್ಥನೆಯಂದು, ಒಳಗಿನ ದೀಪದ ಮುಂದೆ ಓದಬೇಕು. ಓದಿದರೆ ಆ ಹೆಸರು ಹಿರಿಯರ ಹೆಸರಿನ ಜೊತೆ ಸೇರಿತು ಎಂದು. ಅಲ್ಲಿಯವರೆಗೆ ಮನೆಯವರು ಆ ಹೆಸರೆತ್ತುವುದಿಲ್ಲ. ಆ ದಿನ ತಪ್ಪಿದರೆ ಮತ್ತೆ ಅದನ್ನು ದೀಪದ ಮುಂದೆ ಹೇಳುವಂತಿಲ್ಲ, ಯಾವ ಮಗುವಿಗೂ ಇಡುವಂತಿಲ್ಲ. ಊರಿಗೆ ಇಷ್ಟು ವರ್ಷ ಬಾಗಿಲು ತೆರೆದವರ ಹೆಸರೇ ಬಾಗಿಲ ಹೊರಗೆ ಉಳಿದುಹೋಗುವ ಹಾಗಾಯಿತಲ್ಲ ಎಂದು ನನ್ನ ಜಗಲಿಯಲ್ಲಿ ಎಲ್ಲರೂ ಲೊಚಗುಟ್ಟುತ್ತಿದ್ದರು. ಬಡಗಿಯನ್ನು ಕರೆಸಿ ಕದ ಕೀಳಿಸೋಣ ಎಂದವರೂ ಇದ್ದರು. ಬಡಗಿ ಕೇಳಿಸಿಕೊಂಡವನೇ ಪಕ್ಕದೂರಿನ ನೆಂಟರ ಮನೆಗೆ ಹೊರಟುಹೋದ.

ತಿಂಗಳ ಪ್ರಾರ್ಥನೆಗೆ ಎರಡು ದಿನ ಇರುವಾಗ ಚಿಪ್ಪೋರಕ್ಕ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ಆ ಕದ ಕಂಡರೆ ನನಗೆ ಸವತಿ ಕಂಡ ಹಾಗೆ ಆಗುತ್ತಿತ್ತು ಎಂದರು. ಪ್ರೀತಿಯ ಮಾತೆಲ್ಲ ಅದಕ್ಕೆ, ನನಗೆ ಮಾತ್ರ ಬೆರಳಿನ ತಟ್ಟು. ನಾನು ಚಕ್ಕುಲಿ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ತಾಮಾರ, ಇಷ್ಟು ವರ್ಷ ಒಂದೇ ಮನೇಲಿದ್ದೆ. ನಾನಂದ್ರೆ ಅವರಿಗೆ ಏನಾಗಿದ್ದೆ ಅನ್ನೋದೇ ಗೊತ್ತಾಗ್ಲಿಲ್ಲ ಕಣೇ. ಇನ್ನು ಕೇಳೋಣ ಅಂದ್ರೆ ಅವರೇ ಇಲ್ಲ" ಎಂದರು. ಲೋಟ ಕೆಳಗಿಟ್ಟು, ಅಷ್ಟೇ ಸಲೀಸಾಗಿ, ಆ ಬಾಗಿಲಿಗೆ ತಾವೇ ಅರ್ಥ ಹೇಳುವುದಾಗಿ ಹೇಳಿದರು. ಆ ಸಾಲಿಗೆ ತಮ್ಮ ಹತ್ತಿರ ಒಂದು ಅರ್ಥವಿದೆ, ಅದನ್ನು ಯಾರೂ ಹೇಳಿರಲು ಸಾಧ್ಯವಿಲ್ಲ. ಹೆಸರು ಒಳಗೆ ಹೋಗಲಿ, ತಮ್ಮ ಮಾನ ಹೋದರೆ ಹೋಗಲಿ.

ಸುದ್ದಿ ತಿಳಿದು ಎಲ್ಕಾನಯ್ಯನವರು ಮೇಲುಸಿರು ಬಿಡುತ್ತಾ ಅಂಗಡಿಗೇ ಬಂದರು. ಹೆಂಗಸರು ಮೆಟ್ಟಿಲು ಹತ್ತುವ ರೂಢಿ ಇಲ್ಲ ಎಂದು ಮೊದಲು ಅಂದರು. ಹತ್ತಬಾರದು ಎಂದು ಎಲ್ಲಾದರೂ ಇದೆಯೇ ಎಂದು ನಾನು ಕೇಳಿದ ಮೇಲೆ ಆ ಮಾತು ಬಿಟ್ಟರು. ಆಮೇಲೆ ದನಿ ತಗ್ಗಿಸಿದರು.

"ನೋಡೀಮ್ಮ, ಆ ಪದ್ಯ ನಿಮ್ಮ ಮನೆ ವಿಷಯ ಅಂತ ತಿಳ್ಕೊಂಡ್ರೆ ನಮ್ಮ ಹಿರಿಯರು ಪವಿತ್ರ ಗ್ರಂಥದೊಳಗೆ ಯಾಕೆ ಇಡ್ತಿದ್ರು? ದೇವರ ಪ್ರೀತಿನ ಕೆಳಗೆ ಇಳಿಸಬಾರದು."

ಅವರು ಅದನ್ನು ನಂಬಿಯೇ ಹೇಳುತ್ತಿದ್ದರು. ಚಿಪ್ಪೋರಕ್ಕನೂ ಜಗಳಕ್ಕೆ ಹೋಗಲಿಲ್ಲ.

"ಎಲ್ಕಾನಯ್ಯನೋರೇ, ದೇವರ ಪ್ರೀತಿ ಹೆಂಗಿರುತ್ತೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಹೇಳಿ. ನಾನು ಕಂಡಿರೋದು ಒಬ್ಬ ಮನುಷ್ಯನ್ನ. ಅವರನ್ನೂ ಸರಿಯಾಗಿ ಕಾಣಲಿಲ್ಲ. ಇಲ್ಲೇ ಕಾಣದೋಳು ಅಲ್ಲಿ ಏನು ಕಂಡೇನು?"

ಎಲ್ಕಾನಯ್ಯನವರು ಗಡ್ಡ ತಿಕ್ಕಿಕೊಂಡರು. ಅವರ ಹೆಂಡತಿ ಹೋಗಿಯೂ ಕೆಲವು ವರ್ಷಗಳಾಗಿದ್ದವು. ಕೊನೆಗೆ, ಆಯ್ತು, ಬೇರೆ ದಾರಿಯಾದರೂ ಏನಿದೆ ಎಂದು ಎದ್ದುಹೋದರು. ಕಾಫಿಗೆ ಹೇಳಿದ್ದನ್ನೂ ಮರೆತರು.

ತಿಂಗಳ ಪ್ರಾರ್ಥನೆಯ ಬೆಳಿಗ್ಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಪ್ಪೋರಕ್ಕ ಬಿಳಿ ಸೀರೆಯ ಸೆರಗನ್ನು ತಲೆಗೆ ಹೊದ್ದು, ನನ್ನ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮಂಡಿ ನೋವು, ಒಬ್ಬರಿಂದ ಆಗುತ್ತಿರಲಿಲ್ಲ. ಹಾಗಾಗಿ ನಾನು ಮೇಲಿನ ಮೆಟ್ಟಿಲ ಪಕ್ಕದಲ್ಲೇ ಇದ್ದೆ. ಅವರು ಗ್ರಂಥ ತೆರೆಯಲಿಲ್ಲ. ಗಂಡ ಮನೆಯಲ್ಲಿ ಓದಿಕೊಳ್ಳುವಾಗ ಒಳಗಿನಿಂದ ಕೇಳಿ ಕೇಳಿ ಬಾಯಿಗೆ ಬಂದಿದ್ದ ಆ ಸಾಲನ್ನು ಹೀಬ್ರೂವಿನಲ್ಲಿ ಹೇಳಿ, ಆಮೇಲೆ ನಮ್ಮ ಕಡೆ ತಿರುಗದೆ, ಕದದ ಜೊತೆಗೇ ಮಾತಾಡುವವರ ಹಾಗೆ ಶುರುಮಾಡಿದರು.

ಮದುವೆಯಾದ ವರ್ಷ, ಹಲಸಿನ ಕಾಲದ ಒಂದು ಬೆಳಿಗ್ಗೆ, ಗಂಡ ಆ ಪದ್ಯ ಓದುತ್ತಿದ್ದಾಗ ಅವರು ಹೋಗಿ ಪಕ್ಕದಲ್ಲಿ ಕೂತಿದ್ದರಂತೆ. ಇದರಲ್ಲಿ ಅವಳ ಕಣ್ಣು ಹಾಗಿದೆ, ಕೂದಲು ಹೀಗಿದೆ ಅಂತೆಲ್ಲ ಬರುತ್ತಲ್ಲ, ನನ್ನ ಬಗ್ಗೆಯೂ ಒಂದು ಹೇಳಿ ಎಂದು ಕೇಳಿದರಂತೆ. ಹೊಸ ಹುಡುಗಿಯ ಆಸೆ. ಆತ ನಾಚಿಕೆಯಿಂದಲೋ ಏನೋ ಪುಸ್ತಕದಿಂದ ತಲೆಯೆತ್ತದೆ, ಇದರಲ್ಲಿ ಬರುವುದು ಹೆಣ್ಣಲ್ಲ, ಅದು ನಮ್ಮ ಸಭೆ ಎಂದರಂತೆ.

"ಹಂಗಾದ್ರೆ ನೀವು ಮದುವೆ ಆಗಿದ್ದು ಯಾರನ್ನ, ಸಭೆನಾ ಅಂದೆ. ಅವರು ಸೀದಾ ಹೊರಗೆ ಹೋದ್ರು. ನಾನು ಕದ ಹಾಕ್ಕೊಂಡೆ."

ಅಂಗಳದಲ್ಲಿ ಯಾರೋ ನಗಲು ಹೋಗಿ ನಿಲ್ಲಿಸಿದರು. ಚಿಪ್ಪೋರಕ್ಕ ಮುಂದುವರಿಸಿದರು. ಸಿಟ್ಟು ಕಳೆಯಲು ಹಲಸಿನ ಹಣ್ಣು ಹೆಚ್ಚಿ ಬಿಡಿಸುತ್ತಾ ಕೂತಿದ್ದರು. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಒಮ್ಮೆಯಲ್ಲ, ಮೂರ್ನಾಲ್ಕು ಸಲ. ಹೆಸರು ಹಿಡಿದೂ ಕರೆದರು. ಎರಡು ಕೈಗೂ ಅಂಟು ಮೆತ್ತಿತ್ತು, ಅದು ನೆವ. ಕಾಯಲಿ ಸ್ವಲ್ಪ ಎಂಬುದು ನಿಜ. ಆಮೇಲೆ ಮನಸ್ಸು ತಡೆಯದೆ, ಎಣ್ಣೆ ಸವರಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಅಂಟು ಕೈಯಲ್ಲೇ ಚಿಲಕ ತೆಗೆದರು. ಹೊರಗೆ ಯಾರೂ ಇರಲಿಲ್ಲ. ಆ ಚಿಲಕದ ಮೇಲೆ ಅಂಟು ಬಹಳ ದಿನ ಹಾಗೇ ಇತ್ತು. ಗಂಡ ಕತ್ತಲಾಗುವ ಹೊತ್ತಿಗೆ ಬಂದು ಊಟ ಮಾಡಿದರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮಾರನೆಯ ದಿನದಿಂದ ತೆರೆದ ಬಾಗಿಲನ್ನು ತಟ್ಟುವುದು ಶುರುವಾಯಿತು.

"ಈ ಸಾಲಿಗೆ ಇದೇ ಅರ್ಥ. ಕರೆದಾಗ ನಾನು ತೆಗೀಲಿಲ್ಲ. ತೆಗೆದಾಗ ಅವರಿರಲಿಲ್ಲ. ಅವಳು ಸಭೆಯಲ್ಲ, ನಾನು. ಇದು ನಮ್ಮಿಬ್ಬರಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ" ಎಂದು ಹೇಳಿ ಮುಗಿಸಿದರು.

ಬಾಗಿಲು ತೆರೆಯಲಿಲ್ಲ.

ನಾವು ಕಾದೆವು. ಒಂದು ಕಾಗೆ ಮಾಡಿನ ಮೇಲೆ ಕೂತು ಎದ್ದುಹೋಯಿತು. ಅಂಗಳದಲ್ಲಿ ಗುಸುಗುಸು ಶುರುವಾಯಿತು. ಎಲ್ಕಾನಯ್ಯನವರು ಮೆಟ್ಟಿಲ ಬುಡಕ್ಕೆ ಬಂದು, ಬೇಜಾರು ಮಾಡಿಕೊಳ್ಳಬೇಡೀಮ್ಮ, ಇಂಥ ಮಾತನ್ನು ಅದು ಒಪ್ಪುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಅತ್ತೆಯನ್ನು ಒಪ್ಪಿದ ಬಾಗಿಲು ಹೆಂಡತಿಯನ್ನು ಒಪ್ಪುವುದಿಲ್ಲವೇ ಎಂದು ನಾನು ರೇಗಿದೆ. ಬಾಯಿಂದ ಆ ಮಾತು ಬಂದದ್ದೇ ತಡ, ನನಗೆ ಹೊಳೆಯಿತು. ಒಪ್ಪುವ ಪ್ರಶ್ನೆಯೇ ಅಲ್ಲವಲ್ಲ ಅದು. ಮನಸ್ಸಿನಿಂದ ಬಂದ ಅರ್ಥಕ್ಕೆ ಆ ಬಾಗಿಲು ತೆರೆಯದಿರಲು ಇರುವುದು ಒಂದೇ ಕಾರಣ. ಅದನ್ನು ಯಾರೋ ಆಗಲೇ ಹೇಳಿದ್ದಾರೆ.

ಚಿಪ್ಪೋರಕ್ಕನಿಗೂ ಆ ಗಳಿಗೆಯಲ್ಲೇ ಹೊಳೆದಿರಬೇಕು. ಅವರ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು.

"ಯಾರು ಹೇಳಿರೋದು ಇದನ್ನ?" ಎಂದರು, ಯಾರನ್ನೂ ಅಲ್ಲ, ಗಾಳಿಯನ್ನು ಕೇಳುವ ಹಾಗೆ.

"ಅಕ್ಕ, ನೀವು ನಮ್ಮನೆಗೆ ತೊಳೆ ತಂದುಕೊಟ್ರಲ್ಲ, ಮದುವೆಯಾದ ವರ್ಷ. ಅದು ಅವತ್ತಿನ ಹಣ್ಣೇನಾ?"

ಹೌದು, ಅದೇ ಸಂಜೆ ಎಂದರು. ಸುಮ್ಮನೆ ಕೂರಲಾಗದೆ ಬೀದಿಗೆಲ್ಲ ಹಂಚಿದ್ದೆ ಎಂದರು. ಆಗ ನಾನು ಆಡಿನ ವಿಷಯ ಹೇಳಿದೆ. ಅವತ್ತೇ, ವಾರದ ನಡುವೆ, ಯಾರೂ ಇಲ್ಲದೆ ಬಾಗಿಲು ತೆರೆದಿದ್ದದ್ದು. ಬೀದಿಯೆಲ್ಲ ಮಲಗಿದ್ದ ಮಧ್ಯಾಹ್ನದ ಹೊತ್ತಿನಲ್ಲಿ ಯಾರೋ ಬಂದು, ಹೇಳಿ, ಒಳಗೆ ಕಾಲಿಡದೆ ಹಾಗೇ ಹೊರಟುಹೋಗಿದ್ದರು. ಒಳಗೆ ಹೋಗಿ ಬಂದವರಿಲ್ಲದ ಕಾರಣ ಬಾಗಿಲು ಆಡು ಬರುವವರೆಗೆ ತೆರೆದೇ ಇತ್ತು. ಅಂಗಳದಲ್ಲಿ ನನ್ನ ವಾರಿಗೆಯವರಿಗೆಲ್ಲ ಆಡು ನೆನಪಿತ್ತು. ಹೌದು ಹೌದು ಎಂದರು ನಾಲ್ಕಾರು ಜನ.

ಚಿಪ್ಪೋರಕ್ಕ ಮೆಟ್ಟಿಲ ಮೇಲೆ ಕೂತರು. ಸೆರಗು ತಲೆಯಿಂದ ಜಾರಿದ್ದನ್ನೂ ಗಮನಿಸಲಿಲ್ಲ. ಮನೆಯ ಬಾಗಿಲು ತೆರೆಯದೆ ಹೋದ ಹುಡುಗ ಸೀದಾ ಇಲ್ಲಿಗೆ ಬಂದು, ಹೆಂಡತಿಗೆ ಹೇಳಲಾಗದ್ದನ್ನು ಈ ಮರದ ಮುಂದೆ ನಿಂತು ಹೇಳಿದ್ದ. ಪದ್ಯದ ನಲ್ಲೆ ಸಭೆಯಲ್ಲ, ನನ್ನ ಹೆಂಡತಿಯೇ, ಎಂದು ಅವನ ಬಾಯಿಂದಲೇ ಬಂದಿತ್ತು. ಅದನ್ನು ಹೇಳಿದ ಮೇಲೆ ಆ ಸಾಲನ್ನು ಅವನು ಮತ್ತೆ ಯಾರ ಮುಂದೆಯೂ ಮುಟ್ಟಲಿಲ್ಲ. ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಎಲ್ಕಾನಯ್ಯನವರು ಟೋಪಿ ತೆಗೆದು ಕೈಯಲ್ಲಿ ತಿರುವುತ್ತಾ ನೆಲ ನೋಡುತ್ತಿದ್ದರು.

ಚಿಪ್ಪೋರಕ್ಕ ಅಳಲಿಲ್ಲ. ನಮ್ಮ ಕಡೆ ತಿರುಗಿ, ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದವರು, ಬೀದಿಯ ಕೊನೆಯಲ್ಲಿ ಕಾಣುವ ತಮ್ಮ ಮನೆಯನ್ನು ನೋಡುತ್ತಾ ನನಗೆ ಹೇಳಿದರು. ಅರ್ಥ ಹೇಳಬೇಕೆಂದು ಹೇಳಿದ್ದಲ್ಲ ಅದು.

"ಅವತ್ತು ಒಂದು ಗಳಿಗೆ ಕಾಯದೆ ಹೋಗಿಬಿಟ್ರಲ್ಲ ತಾಮಾರ, ಅದಕ್ಕೇ ಆಮೇಲೆ ಜೀವಮಾನ ಪೂರ್ತಿ ಹೊಸ್ತಿಲ ಹೊರಗೆ ನಿಂತು ಕಾದ್ರು ಕಣೇ. ದಿನಾ ಬಂದು ಕಾದ್ರು. ನಾನು ದಿನಾ ತೆಗೀತಿದ್ದೆ, ಏನು ತೆಗೀತಿದೀನಿ ಅಂತ ಗೊತ್ತಿಲ್ಲದೆ."

ಅಂಗಳದವರ ಮುಖ ಬದಲಾದದ್ದನ್ನು ನೋಡಿ ನಾನು ತಿರುಗಿದೆ. ಅವರ ಬೆನ್ನ ಹಿಂದೆ ಎರಡು ಕದವೂ ತೆರೆದುಕೊಂಡಿದ್ದವು. ಸದ್ದೇ ಆಗಿರಲಿಲ್ಲ. ಒಳಗಿನ ತಂಪು ಗಾಳಿ, ಹಳೆಯ ದೀಪದೆಣ್ಣೆಯ ವಾಸನೆ ಮೆಟ್ಟಿಲವರೆಗೆ ಬಂತು.

ಯಾರೂ ಒಳಗೆ ಹೋಗಲಿಲ್ಲ. ಎಲ್ಕಾನಯ್ಯನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಕೈ ಕೊಟ್ಟು ಎಬ್ಬಿಸಲು ಹೋದೆ. ಚಿಪ್ಪೋರಕ್ಕ ಬೇಡವೆಂದು ತಲೆಯಾಡಿಸಿ, ತಾವೇ ಕಂಬ ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡರು. ಎರಡು ಕೈಯನ್ನೂ ಸೀರೆಗೆ ಒರೆಸಿಕೊಂಡರು, ಒಲೆಯ ಮುಂದಿನಿಂದ ಎದ್ದು ಬರುವವರ ಹಾಗೆ. ಹೊಸ್ತಿಲ ಹತ್ತಿರ ಹೋಗಿ ನಿಂತು ಒಳಗೆ ನೋಡಿದರು. ಅಲ್ಲಿ ಕತ್ತಲೆ, ಇನ್ನೂ ಹಚ್ಚದ ದೀಪ, ಅಷ್ಟೇ ಇದ್ದದ್ದು.

"ಬಂದೆ, ಇರಿ" ಎಂದರು. ಬೀದಿಗೆಲ್ಲ ಗೊತ್ತಿದ್ದ ಆ ಸಿಡುಕು ಅದರಲ್ಲಿರಲಿಲ್ಲ. ಆಮೇಲೆ, ಮದುವೆಯಾದಾಗಿನಿಂದ ನಾವ್ಯಾರೂ ಕೇಳದಿದ್ದ ಹಾಗೆ, ಗಂಡನ ಹೆಸರು ಹಿಡಿದು ಕರೆಯುತ್ತಾ ಒಳಗೆ ಹೋದರು.